ಆವೇಶ, ಕ್ಷೇತ್ರ, ಬಲ: ಒಂದು ಪಾಠದ ಗದ್ಯವನ್ನು ಓದುತ್ತಾ

ದ್ವಿತೀಯ ಪಿಯುಸಿಯ ಭೌತಶಾಸ್ತ್ರ ಪುಸ್ತಕದ ಮೊದಲ ಅಧ್ಯಾಯವನ್ನು ಸಾಹಿತ್ಯ ಓದುವ ಹಾಗೆ ಯಾರೂ ಓದುವುದಿಲ್ಲ. ಆದರೆ ಅದೂ ಗದ್ಯವೇ. ನಮ್ಮಲ್ಲಿ ವಿಜ್ಞಾನ ತೆಗೆದುಕೊಂಡ ಪ್ರತಿಯೊಬ್ಬ ಹುಡುಗ, ಹುಡುಗಿಯೂ ಹದಿನೇಳನೇ ವಯಸ್ಸಿನಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆದುಕೊಳ್ಳುತ್ತಾ, ಸಾಲು ಸಾಲಾಗಿ ಓದುವ ಗದ್ಯ. ಅಷ್ಟು ಗಮನದಿಂದ ಓದಿಸಿಕೊಳ್ಳುವ ಭಾಗ್ಯ ನಮ್ಮ ಕಾದಂಬರಿಗಳಿಗೆ ಸಿಕ್ಕಿಲ್ಲ. ಹಾಗಾಗಿ ಅದಕ್ಕೂ ಒಂದು ವಿಮರ್ಶೆ ಸಲ್ಲಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ.

ಎನ್‌ಸಿಇಆರ್‌ಟಿಯ ಈ ಅಧ್ಯಾಯ ಶುರುವಾಗುವುದು ಚೆನ್ನಾಗಿಯೇ. ಒಣಹವೆಯಲ್ಲಿ ಸಿಂಥೆಟಿಕ್ ಬಟ್ಟೆಯನ್ನೋ ಸ್ವೆಟರನ್ನೋ ಕಳಚುವಾಗ ಚಟಪಟ ಸದ್ದಾಗಿ ಕಿಡಿ ಕಾಣುವ ಅನುಭವದಿಂದ. ಆಮೇಲೆ ಗ್ರೀಕರ ಥೇಲ್ಸ್, ಉಣ್ಣೆಗೆ ಉಜ್ಜಿದ ಅಂಬರು, ಗಾಜಿನ ಕಡ್ಡಿ, ರೇಷ್ಮೆ. ಇಲ್ಲಿಯವರೆಗೆ ಮೈಗೆ ತಾಗುವ ಲೋಕ. ನಂತರ ಕೂಲಂಬನ ನಿಯಮ ಬರುತ್ತದೆ, ಅದರ ಬೆನ್ನಿಗೆ ಕ್ಷೇತ್ರ, ಕ್ಷೇತ್ರರೇಖೆಗಳು, ದ್ವಿಧ್ರುವ, ಕಡೆಗೆ ಗಾಸ್. ಈ ಕ್ರಮ ಪಾಠ ಹೇಳಲು ಅನುಕೂಲವಾದದ್ದು. ಆದರೆ ಕಥನವಾಗಿ ನೋಡಿದರೆ ಇದರಲ್ಲಿ ಒಂದು ವಿಚಿತ್ರವಿದೆ: ಕಥಾನಾಯಕ ಯಾರು ಎನ್ನುವುದನ್ನೇ ಅಧ್ಯಾಯ ಮರೆಮಾಚುತ್ತದೆ.

ಕೂಲಂಬನಿಂದಲೇ ನೋಡೋಣ. ಫ್ರಾನ್ಸಿನ ಈ ಸೇನಾ ಎಂಜಿನಿಯರ್ 1785ರಲ್ಲಿ, ತೆಳುವಾದ ತಂತಿಯೊಂದು ಎಷ್ಟು ತಿರುಚಿಕೊಳ್ಳುತ್ತದೆ ಎಂಬುದರಿಂದ, ಎರಡು ಆವೇಶಗಳ ನಡುವಿನ ಬಲವನ್ನು ಅಳೆದ. ದೂರ ಎರಡರಷ್ಟಾದರೆ ಬಲ ನಾಲ್ಕನೇ ಒಂದರಷ್ಟು. ನ್ಯೂಟನ್ನನ ಗುರುತ್ವ ನಿಯಮದ ಅಚ್ಚಿನಲ್ಲೇ ಎರಕಹೊಯ್ದ ಹಾಗಿರುವ ಸೂತ್ರ. ವಿದ್ಯಾರ್ಥಿಗೆ ಇದು ಹಳೆಯ ಪರಿಚಯದಂತೆ ಕಾಣುವುದರಿಂದ ಕೇಳಬೇಕಾದ ಪ್ರಶ್ನೆ ನಾಲಿಗೆಗೆ ಬರುವ ಮೊದಲೇ ಪುಟ ಮಗುಚಿಹೋಗುತ್ತದೆ. ಇಲ್ಲಿರುವ ಆವೇಶಕ್ಕೆ ಅಲ್ಲೊಂದು ಆವೇಶ ಇದೆ ಎಂದು ಗೊತ್ತಾಗುವುದು ಹೇಗೆ? ನಡುವೆ ಏನೂ ಇಲ್ಲವಲ್ಲ. ಈ ಪ್ರಶ್ನೆ ಸ್ವತಃ ನ್ಯೂಟನ್ನನನ್ನು ಕಾಡಿತ್ತು. ನಡುವೆ ಯಾವ ಮಾಧ್ಯಮವೂ ಇಲ್ಲದೆ ಒಂದು ವಸ್ತು ಇನ್ನೊಂದನ್ನು ದೂರದಿಂದ ಎಳೆಯುತ್ತದೆ ಎನ್ನುವುದು ವಿಚಾರವಂತರು ಒಪ್ಪಲಾಗದ ಅಸಂಬದ್ಧ ಎಂದು ಅವನು 1693ರಲ್ಲಿ ರಿಚರ್ಡ್ ಬೆಂಟ್ಲಿಗೆ ಬರೆದ ಪತ್ರದಲ್ಲಿದೆ. ನಿಯಮ ಕೊಟ್ಟವನಿಗೇ ಇದ್ದ ಕಸಿವಿಸಿ ನಮ್ಮ ಪಾಠದಲ್ಲಿ ಇಲ್ಲ.

ಈ ಕಸಿವಿಸಿಯನ್ನು ದಾಟಿಸಿದ್ದರಿಂದ ಮುಂದೆ ಕ್ಷೇತ್ರ ಬಂದಾಗ ಅದು ಉತ್ತರವಾಗಿ ಬರುವುದಿಲ್ಲ, ಭಾಗಾಕಾರವಾಗಿ ಬರುತ್ತದೆ. ಬಲವನ್ನು ಪರೀಕ್ಷಾ ಆವೇಶದಿಂದ ಭಾಗಿಸಿ, ಸಿಕ್ಕಿದ್ದೇ ಕ್ಷೇತ್ರ. ಬಲ ಗೊತ್ತಿರುವಾಗ ಅದನ್ನು ಭಾಗಿಸಿ ಹೊಸ ಹೆಸರು ಕೊಟ್ಟು, ಮತ್ತೆ ಗುಣಿಸಿ ಅದೇ ಬಲವನ್ನು ಪಡೆಯುವುದು ಯಾಕೆ ಎಂದು ಹಿಂದಿನ ಬೆಂಚಿನ ಹುಡುಗನಿಗೆ ಅನ್ನಿಸಿದರೆ ಅವನು ದಡ್ಡನಲ್ಲ.

ಆ ಪರೀಕ್ಷಾ ಆವೇಶವೂ ಒಂದು ಸ್ವಾರಸ್ಯಕರ ಪಾತ್ರ. ಅದು ಎಲ್ಲ ಕಡೆ ಹೋಗಬೇಕು, ಎಲ್ಲವನ್ನೂ ಅನುಭವಿಸಬೇಕು, ಆದರೆ ತನ್ನ ಇರವಿನಿಂದ ಯಾರನ್ನೂ ಕದಲಿಸಬಾರದು. ಕಾದಂಬರಿಯ ಸರ್ವಸಾಕ್ಷಿ ನಿರೂಪಕನ ಹಾಗೆ. ಅದಕ್ಕಾಗಿ ಅದನ್ನು ಸೊನ್ನೆಯ ಕಡೆಗೆ ಕುಗ್ಗಿಸುತ್ತಾ ಹೋಗಿ ಎನ್ನುತ್ತದೆ ಪುಸ್ತಕ. ಆದರೆ ಕೆಲವೇ ಪುಟಗಳ ಹಿಂದೆ, ಆವೇಶವೆಂಬುದು ಎಲೆಕ್ಟ್ರಾನಿನ ಆವೇಶಕ್ಕಿಂತ ಚಿಕ್ಕ ತುಣುಕಾಗಿ ಸಿಗುವುದಿಲ್ಲ ಎಂದು ಅದೇ ಪುಸ್ತಕ ಹೇಳಿರುತ್ತದೆ. ಒಂದು ಕೂಲಂಬಿನಲ್ಲಿ ಸುಮಾರು ಆರರ ಮುಂದೆ 18 ಸೊನ್ನೆಯಷ್ಟು ಎಲೆಕ್ಟ್ರಾನುಗಳಿರುವುದರಿಂದ ದೊಡ್ಡ ಲೆಕ್ಕದಲ್ಲಿ ಈ ಹರಳುತನ ಕಾಣುವುದಿಲ್ಲ ಎಂಬ ಸಮಾಧಾನವನ್ನೂ ಅದು ಕೊಡುತ್ತದೆ. ಸರಿಯಾದ ಸಮಾಧಾನವೇ. ಆದರೆ ಎರಡು ಮಾತುಗಳನ್ನು ಎದುರುಬದುರು ಕೂರಿಸಿದ್ದರೆ ಓದುವವರಿಗೆ ಯೋಚಿಸಲು ಎಷ್ಟು ಒಳ್ಳೆಯ ಇಕ್ಕಟ್ಟು ಸಿಗುತ್ತಿತ್ತು!

ಕ್ಷೇತ್ರದ ಕಲ್ಪನೆಯನ್ನು ವಿಜ್ಞಾನಕ್ಕೆ ಒಯ್ದವನ ಬಳಿ ಇಂಥ ಭಾಗಾಕಾರ ಇರಲಿಲ್ಲ. ಮೈಕೆಲ್ ಫ್ಯಾರಡೆ ಕಮ್ಮಾರನ ಮಗ, ಬುಕ್ ಬೈಂಡಿಂಗ್ ಕಲಿಯಲು ಸೇರಿದ ಹುಡುಗ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿ ವಿದ್ಯುತ್ತಿನ ಬಗ್ಗೆ ತಿಳಿದುಕೊಂಡವನು. ಅವನ ಬರಹದಲ್ಲಿ ಸಮೀಕರಣಗಳಿಲ್ಲ; ಇರುವುದು ಗದ್ಯ. 1836ರಲ್ಲಿ ಅವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹನ್ನೆರಡು ಅಡಿ ಉದ್ದಗಲ ಎತ್ತರದ ಒಂದು ಪೆಟ್ಟಿಗೆ ಕಟ್ಟಿಸಿ, ಅದಕ್ಕೆ ಲೋಹದ ಹೊದಿಕೆ ಹೊದಿಸಿ, ಹೊರಗಿನಿಂದ ಕಿಡಿ ಹಾರುವಷ್ಟು ಆವೇಶ ಕೊಡಿಸಿ, ತನ್ನ ಉಪಕರಣಗಳೊಂದಿಗೆ ತಾನೇ ಒಳಗೆ ಹೋಗಿ ಕೂತ. ಒಳಗೆ ಏನೂ ಗೊತ್ತಾಗಲಿಲ್ಲ. ಪುಸ್ತಕದ ತೂಕವಿಲ್ಲದ, ಮೈಯಿಲ್ಲದ ಪರೀಕ್ಷಾ ಆವೇಶದ ಜಾಗದಲ್ಲಿ ಇಲ್ಲಿ ಒಬ್ಬ ನಲವತ್ತು ದಾಟಿದ ಮನುಷ್ಯ ಕೂತಿದ್ದಾನೆ.

ಅದಾದ ಮರುವರ್ಷಗಳಲ್ಲಿ ಅವನು ಗಮನಿಸಿದ ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ವಿದ್ಯುತ್ ಪ್ರೇರಣೆ ನೇರ ಗೆರೆಯಲ್ಲೇ ಹೋಗಬೇಕೆಂದಿಲ್ಲ, ಅಡ್ಡ ಇಟ್ಟ ವಸ್ತುವನ್ನು ಬಳಸಿಕೊಂಡು ಬಾಗಿಯೂ ಹೋಗುತ್ತದೆ. ದೂರದಿಂದ ಸೀದಾ ಎಳೆಯುವ ಬಲಕ್ಕೆ ಬಾಗುವ ದಾರಿ ಯಾಕೆ ಬೇಕು? ಹಾಗಾದರೆ ನಡುವಿನ ಜಾಗದಲ್ಲೇ ಏನೋ ನಡೆಯುತ್ತಿರಬೇಕು ಎಂದು ಅವನ ತರ್ಕ. ಪಾಠದಲ್ಲಿ ರೇಖೆಗಳು ಬರೀ ಕಾಲ್ಪನಿಕ, ಚಿತ್ರದ ಅನುಕೂಲಕ್ಕೆ ಎಳೆದವು. ಅವುಗಳ ಗುಣಲಕ್ಷಣಗಳು ಪರೀಕ್ಷೆಯ ಅಂಕಗಳು. ಫ್ಯಾರಡೆಗೆ ರೇಖೆ ಎಂದರೆ ಬಿಗಿದ ಹುರಿ. 1852ರಲ್ಲಿ ಅವನು ಕಾಂತೀಯ ಬಲರೇಖೆಗಳಿಗೆ ಭೌತಿಕ ಅಸ್ತಿತ್ವವಿದೆ ಎಂದು ವಾದಿಸಿ ಪ್ರಬಂಧವನ್ನೇ ಬರೆದ. ಇವತ್ತಿನ ಭೌತಶಾಸ್ತ್ರ ರೇಖೆಗಳನ್ನು ಒಪ್ಪುವುದಿಲ್ಲ, ಕ್ಷೇತ್ರವನ್ನು ಒಪ್ಪುತ್ತದೆ. ರೇಖೆಗಳು ಕಾಲ್ಪನಿಕ ಎನ್ನುವ ಭರದಲ್ಲಿ ನಮ್ಮ ಪಾಠ ಕ್ಷೇತ್ರವೂ ಕಾಲ್ಪನಿಕವೇ ಇರಬೇಕು ಎಂಬ ಭಾವನೆಯನ್ನು ಉಳಿಸಿಬಿಡುತ್ತದೆ.

ಕನ್ನಡದ ಪದಗಳ ಮಾತು ಬರುವುದು ಇಲ್ಲೇ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಗೆ ಇಂಗ್ಲಿಷಿಗೆ ದಾಟುವವರು ಹಳೆಯ ಪದಗಳನ್ನು ಹೊಸ್ತಿಲಲ್ಲೇ ಬಿಟ್ಟುಹೋಗುತ್ತಾರೆ. ನಾನೂ ಹಾಗೆ ದಾಟಿದವಳು. ಈಗ ಸಂಶೋಧನೆಯ ನೆಪದಲ್ಲಿ ಆ ಪದಗಳ ಹತ್ತಿರ ಮತ್ತೆ ಹೋದಾಗ, ಅವುಗಳಲ್ಲಿ ಪಾಠದಲ್ಲಿ ಇಲ್ಲದ ವಾಗ್ವಾದವೊಂದು ಅಡಗಿರುವುದು ಕಾಣುತ್ತದೆ.

ಇಂಗ್ಲಿಷಿನ ‘ಚಾರ್ಜ್’ ಮೂಲದಲ್ಲಿ ಗಾಡಿಗೆ ಹೇರಿದ ಹೊರೆ, ಆಮೇಲೆ ಬಂದೂಕಿಗೆ ತುಂಬಿದ ಮದ್ದು. ಲೇಡನ್ ಜಾಡಿಗಳ ಸಾಲಿಗೆ ಫಿರಂಗಿಗಳ ಗುಂಪಿನ ಹೆಸರಾದ ‘ಬ್ಯಾಟರಿ’ಯನ್ನು ಇಟ್ಟವನು ಬೆಂಜಮಿನ್ ಫ್ರಾಂಕ್ಲಿನ್. ಅವನಿಗೆ ವಿದ್ಯುತ್ತು ಒಂದು ದ್ರವ: ಹೆಚ್ಚಿದ್ದರೆ ಕೂಡು, ಕಡಿಮೆಯಿದ್ದರೆ ಕಳೆ. ಕನ್ನಡದಲ್ಲಿ ಇದಕ್ಕೆ ಎರಡು ಪದ ಬಳಕೆಯಲ್ಲಿವೆ. ಒಂದು ವಿದ್ಯುದಂಶ, ಇನ್ನೊಂದು ವಿದ್ಯುದಾವೇಶ. ಅಂಶ ಎಂದರೆ ಪಾಲು; ಇದು ಫ್ರಾಂಕ್ಲಿನ್ನನ ಕಡೆಯ ಪದ, ಅಳೆದು ಹಂಚಬಹುದಾದದ್ದು. ಆವೇಶ ಎಂದರೆ ಒಳಹೊಕ್ಕದ್ದು. ಮೈಮೇಲೆ ಬರುವುದು. ಕೋಲದಲ್ಲಿ ಗಗ್ಗರ ಕಟ್ಟಿ ನಿಂತವರ ಮೈಯಲ್ಲಿ ಆವೇಶ ಬಂದಾಗ ವಸ್ತುವೊಂದು ಸೇರಿಕೊಂಡಿತು ಎನ್ನುವುದಕ್ಕಿಂತ ಮೈಯ ಸ್ಥಿತಿಯೇ ಬೇರೆಯಾಯಿತು, ಸುತ್ತ ನಿಂತವರೂ ಬೇರೆಯಾದರು ಎನ್ನುತ್ತೇವೆ. ಆವೇಶ ವಸ್ತುವೇ, ಇಲ್ಲ ಸ್ಥಿತಿಯೇ ಎನ್ನುವುದು ಹತ್ತೊಂಬತ್ತನೇ ಶತಮಾನದ ನಿಜವಾದ ಜಗಳ. ಫ್ಯಾರಡೆಗೆ ಅದು ಸುತ್ತಲಿನ ಮಾಧ್ಯಮದ ಬಿಗುವಿಗೆ ಸಂಬಂಧಪಟ್ಟ ಸ್ಥಿತಿಯಾಗಿತ್ತು. 1897ರಲ್ಲಿ ಜೆ.ಜೆ. ಥಾಮ್ಸನ್ನನ ಪ್ರಯೋಗಗಳಿಂದ ಎಲೆಕ್ಟ್ರಾನ್ ಬೆಳಕಿಗೆ ಬಂದಮೇಲೆ ಅಂಶದ ಕಡೆಯವರ ಕೈ ಮೇಲಾಯಿತು. ಧನ, ಋಣ ಎನ್ನುವ ಜೋಡಿಯಂತೂ ಬ್ರಹ್ಮಗುಪ್ತನಷ್ಟು ಹಳೆಯ ಲೆಕ್ಕಪತ್ರದ ಭಾಷೆ. ಫ್ರಾಂಕ್ಲಿನ್ನನ ಖಾತೆಯಲ್ಲಿ ಯಾವುದು ಆಸ್ತಿ, ಯಾವುದು ಸಾಲ ಎಂಬುದು ಆಯ್ಕೆಯ ಮಾತಾಗಿತ್ತು. ಅದರ ಫಲವಾಗಿ, ನಮ್ಮ ತಂತಿಗಳಲ್ಲಿ ನಿಜವಾಗಿ ಓಡಾಡುವ ಎಲೆಕ್ಟ್ರಾನಿಗೇ ಸಾಲಗಾರನ ಪಟ್ಟ ಸಿಕ್ಕಿದೆ.

ಇನ್ನು ಕ್ಷೇತ್ರ. ಹೊಲ ಎನ್ನದೆ ಕ್ಷೇತ್ರ ಎಂದದ್ದು ಬರೀ ಸಂಸ್ಕೃತದ ಮೋಹ ಇರಬಹುದು. ಆದರೆ ಕನ್ನಡದ ಕಿವಿಗೆ ಕ್ಷೇತ್ರ ಎಂದರೆ ಯಾತ್ರಿಕರು ಬಂದರೂ ಬಾರದಿದ್ದರೂ ತನ್ನ ಮಹಿಮೆಯನ್ನು ಇಟ್ಟುಕೊಂಡ ಜಾಗ. ಭೌತಶಾಸ್ತ್ರದ ಕ್ಷೇತ್ರವೂ ಹೇಳುವುದು ಅದನ್ನೇ: ಪರೀಕ್ಷಾ ಆವೇಶ ಅಲ್ಲಿ ಇರಲಿ ಬಿಡಲಿ, ಆ ಬಿಂದುವಿನಲ್ಲಿ ಏನೋ ಇದೆ. ಭಾಗಾಕಾರದ ವ್ಯಾಖ್ಯೆಗೆ ಹೇಳಲಾಗದ್ದನ್ನು ಪದ ತಾನಾಗಿ ಹೇಳುತ್ತಿದೆ. ಇಷ್ಟು ಹೇಳಿದ ಕೂಡಲೇ ನಮ್ಮ ಪೂರ್ವಿಕರಿಗೆ ಇದೆಲ್ಲ ಗೊತ್ತಿತ್ತು ಎಂದು ಹೊರಡುವವರಿರುತ್ತಾರೆ. ಖಂಡಿತ ಗೊತ್ತಿರಲಿಲ್ಲ. ಪದಕ್ಕೆ ಹೊಸ ಅರ್ಥ ಹೊರಿಸಿದವರು ಬೇರೆಯೇ ಜನ: 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದ ಬೆಳ್ಳಾವೆ ವೆಂಕಟನಾರಣಪ್ಪನವರಂಥ ಮೇಷ್ಟರು, ಅವರ ನಂತರ ಪಠ್ಯ ಬರೆದವರು, ಅನುವಾದಿಸಿದವರು. ಅಲ್ಲದೆ ಹೋಲಿಕೆ ಒಂದು ಹಂತದಲ್ಲಿ ಕೈಕೊಡುತ್ತದೆ. ಪುಣ್ಯಕ್ಷೇತ್ರಕ್ಕೆ ಎಲ್ಲೆ ಇರುತ್ತದೆ, ವಿದ್ಯುತ್ ಕ್ಷೇತ್ರಕ್ಕೆ ಇಲ್ಲ. ದೂರ ಹೋದಂತೆ ಕ್ಷೀಣಿಸುತ್ತದೆ, ಅಷ್ಟೇ. ಇದನ್ನು ತರಗತಿಯಲ್ಲಿ ಹೇಳಿದರೆ ಪದದ ಸೊಗಸಿನ ಜತೆಗೆ ಪದದ ಮಿತಿಯೂ ಮಕ್ಕಳಿಗೆ ಸಿಗುತ್ತದೆ.

ಬಲದ ಅಗಾಧತೆಯನ್ನು ತೋರಿಸುವುದರಲ್ಲೂ ಪುಸ್ತಕ ಜಿಪುಣ. ಪ್ರೋಟಾನು, ಎಲೆಕ್ಟ್ರಾನುಗಳ ನಡುವಿನ ವಿದ್ಯುತ್ ಬಲ ಅವುಗಳ ಗುರುತ್ವ ಬಲಕ್ಕಿಂತ ಸುಮಾರು ಎರಡರ ಮುಂದೆ 39 ಸೊನ್ನೆಯಷ್ಟು ಪಟ್ಟು ದೊಡ್ಡದು ಎಂಬುದನ್ನು ಅದು ಬಿಡಿಸಿದ ಲೆಕ್ಕವೊಂದರಲ್ಲಿ ಹೇಳಿ ಮುಗಿಸುತ್ತದೆ. ರಿಚರ್ಡ್ ಫೈನ್‌ಮನ್ ತನ್ನ ಉಪನ್ಯಾಸಗಳ ಎರಡನೇ ಸಂಪುಟವನ್ನು ಶುರುಮಾಡುವುದೇ ಇಲ್ಲಿಂದ. ಒಂದು ತೋಳಿನಳತೆ ದೂರದಲ್ಲಿ ನಿಂತ ಇಬ್ಬರ ಮೈಯಲ್ಲಿ ಪ್ರೋಟಾನುಗಳಿಗಿಂತ ನೂರಕ್ಕೆ ಒಂದರಷ್ಟು ಎಲೆಕ್ಟ್ರಾನು ಹೆಚ್ಚಿದ್ದರೆ, ಅವರ ನಡುವಿನ ವಿಕರ್ಷಣೆ ಇಡೀ ಭೂಮಿಯಷ್ಟು ತೂಕವನ್ನು ಎತ್ತಲು ಸಾಕು ಎನ್ನುತ್ತಾನೆ. ನಾವು ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಲು ಆಗುತ್ತಿರುವುದು ಧನ, ಋಣಗಳ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಚುಕ್ತಾ ಆಗಿರುವುದರಿಂದ. ಸ್ವೆಟರಿನ ಕಿಡಿ ಆ ಚುಕ್ತಾದಲ್ಲಿ ಬಿದ್ದ ಒಂದು ಕೂದಲೆಳೆಯ ಬಿರುಕು. ಅಧ್ಯಾಯದ ಮೊದಲ ಸಾಲಿನ ಅನುಭವಕ್ಕೆ ಈ ಅರ್ಥ ಬಂದು ಸೇರುವುದೇ ಇಲ್ಲ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಕ್ಷೇತ್ರ ಯಾಕೆ ಬೇಕು ಎಂಬ ಪ್ರಶ್ನೆಯನ್ನು ಪುಸ್ತಕ ಪೂರ್ತಿ ಬಿಟ್ಟಿಲ್ಲ. ಕ್ಷೇತ್ರದ ಭೌತಿಕ ಮಹತ್ವ ಎಂಬ ಪುಟ್ಟ ಭಾಗದಲ್ಲಿ, ಆವೇಶಗಳು ಸುಮ್ಮನೆ ಕೂತಿರುವವರೆಗೆ ಕ್ಷೇತ್ರ ಬರೀ ಅನುಕೂಲ, ಅವು ಚಲಿಸಿದಾಗ ಮಾತ್ರ ಅದರ ನಿಜ ಬಯಲಾಗುತ್ತದೆ ಎಂದು ಅದು ಒಪ್ಪಿಕೊಳ್ಳುತ್ತದೆ. ಇಡೀ ಅಧ್ಯಾಯದ ಅತ್ಯುತ್ತಮ ಗದ್ಯ ಅದೇ. ಆದರೆ ಅದರಲ್ಲಿ ಲೆಕ್ಕವಿಲ್ಲ, ಹಾಗಾಗಿ ಮೇಷ್ಟರು ದಾಟುತ್ತಾರೆ, ಮಕ್ಕಳೂ ದಾಟುತ್ತಾರೆ. ನನ್ನ ಕೈಗೆ ಕೊಟ್ಟಿದ್ದರೆ ಸ್ವೆಟರಿನ ಕಿಡಿಯಾದ ಕೂಡಲೇ ಅದನ್ನು ಇಡುತ್ತಿದ್ದೆ. ಇಲ್ಲೊಂದು ಆವೇಶ, ಮೂರು ಲಕ್ಷ ಕಿಲೋಮೀಟರ್ ಆಚೆ ಇನ್ನೊಂದು. ಇಲ್ಲಿನದನ್ನು ಒಮ್ಮೆ ಅಲುಗಿಸಿ ಸುಮ್ಮನಾಗುತ್ತೇವೆ. ಆಚೆಯದಕ್ಕೆ ಅದು ತಾಗುವುದು ಒಂದು ಸೆಕೆಂಡ್ ಕಳೆದ ಮೇಲೆ. ಈ ಆವೇಶ ಆಗಲೇ ಕೊಟ್ಟಾಗಿದೆ, ಆ ಆವೇಶಕ್ಕೆ ಇನ್ನೂ ಮುಟ್ಟಿಲ್ಲ. ಆ ಒಂದು ಸೆಕೆಂಡಿನ ಹೊತ್ತು, ಹೊರಟ ಶಕ್ತಿ ಎಲ್ಲಿತ್ತು?