ಅಸಲಿ ರುಚಿಯ ಅಸಲು ಮತ್ತು ಬಡ್ಡಿ

2018ರ ಏಪ್ರಿಲ್‌ನಲ್ಲಿ ಬಿಬಿಸಿಯ 'ಮಾಸ್ಟರ್‌ಷೆಫ್' ಅಡುಗೆ ಸ್ಪರ್ಧೆಯಲ್ಲಿ ಮಲೇಷ್ಯಾ ಮೂಲದ ಝಲೇಹಾ ಕಾದಿರ್ ಓಲ್ಪಿನ್ ಎಂಬ ಮಹಿಳೆ ನಾಸಿ ಲೆಮಾಕ್ ಜೊತೆಗೆ ಕೋಳಿ ರೆಂಡಾಂಗ್ ಮಾಡಿ ಬಡಿಸಿದರು. ಕೋಳಿಯ ಚರ್ಮ ಗರಿಗರಿಯಾಗಿಲ್ಲ ಎಂದು ತೀರ್ಪುಗಾರ ಗ್ರೆಗ್ ವ್ಯಾಲೇಸ್ ಆಕ್ಷೇಪಿಸಿದರು. ಆಕೆ ಸ್ಪರ್ಧೆಯಿಂದ ಹೊರಬಿದ್ದರು. ಮಲೇಷ್ಯಾದಲ್ಲಿ ಕೋಲಾಹಲವೇ ಎದ್ದಿತು. ಮರುತಿಂಗಳು 9ರ ಮಹಾಚುನಾವಣೆಗೆ ಎದುರುಬದುರಾಗಿ ನಿಂತಿದ್ದ ನಜೀಬ್ ರಝಾಕ್ ಮತ್ತು ಮಹಾತಿರ್ ಮುಹಮ್ಮದ್ ಈ ಒಂದು ವಿಷಯದಲ್ಲಿ ಮಾತ್ರ ಒಂದೇ ದನಿಯಾದರು: ರೆಂಡಾಂಗ್ ಗರಿಗರಿಯಾದ ಪದಾರ್ಥವಲ್ಲ.

ಅವರ ಮಾತು ಸರಿಯಾಗಿತ್ತು. ರೆಂಡಾಂಗ್ ಎಂದರೆ ತೆಂಗಿನ ಹಾಲು, ನಿಂಬೆಹುಲ್ಲು, ಗಲಾಂಗಲ್ ಶುಂಠಿ, ಅರಿಶಿನದ ಎಲೆ ಮುಂತಾದವುಗಳಲ್ಲಿ ಮಾಂಸವನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ರಸವೆಲ್ಲ ಮಾಂಸಕ್ಕೇ ಹಿಡಿಯುವಂತೆ ಬತ್ತಿಸುವ ಅಡುಗೆ. ಚರ್ಮ ಗರಿಗರಿಯಾಗುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಒಂದು ಅಡುಗೆಗೆ ತನ್ನದೇ ವ್ಯಾಕರಣ ಇರುತ್ತದೆ. ಅದನ್ನು ಅರಿಯದವನು ತೀರ್ಪು ಕೊಡುವುದು ಗಝಲನ್ನು ಷಟ್ಪದಿಯ ಮಾತ್ರೆ ಹಿಡಿದು ಅಳೆದಂತೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಇನ್ನೊಬ್ಬ ತೀರ್ಪುಗಾರ ಜಾನ್ ಟೊರೋಡ್, ರೆಂಡಾಂಗ್ ಬಹುಶಃ ಇಂಡೋನೇಷ್ಯಾದ್ದಿರಬೇಕು ಎಂದು ಕೆಣಕಿದರು. ಕೆಣಕಿದ ರೀತಿ ಸರಿಯಿರಲಿಲ್ಲ, ಆದರೆ ಮಾತಿನಲ್ಲಿ ಹುರುಳಿತ್ತು. ರೆಂಡಾಂಗ್ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನರದ್ದು. ಅವರಲ್ಲಿ ಹಲವರು ಕಡಲು ದಾಟಿ ಇಂದಿನ ನೆಗೆರಿ ಸೆಂಬಿಲಾನ್ ಪ್ರಾಂತ್ಯದಲ್ಲಿ ನೆಲೆಸಿದಾಗ ಮಡಕೆಯೂ ಅವರೊಂದಿಗೆ ಬಂತು. ಹಾಗಾದರೆ ಲಂಡನ್ನಿನ ಹೋಟೆಲಿನಲ್ಲಿ 'ಅಸಲಿ ಮಲೇಷ್ಯನ್ ರೆಂಡಾಂಗ್' ಎಂದು ಬರೆದಿದ್ದರೆ ನಾವು ಯಾರನ್ನು ಸಾಕ್ಷಿಗೆ ಕರೆಯಬೇಕು?

'ಅಸಲಿ' ಎಂಬ ಈ ಪದವೇ ಕುತೂಹಲಕರ. ಅರಬಿಯಿಂದ ಹೊರಟು ಉರ್ದುವಿಗೂ ಕನ್ನಡಕ್ಕೂ ಬಂದ ಇದು ಮಲಯ ಭಾಷೆಯಲ್ಲೂ 'ಅಸ್ಲಿ' ಆಗಿ ಉಳಿದಿದೆ. ಅಲ್ಲಿನ ಮೂಲನಿವಾಸಿಗಳಿಗೆ 'ಓರಾಂಗ್ ಅಸ್ಲಿ' ಎಂದೇ ಹೆಸರು. ಕನ್ನಡದಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ: ಬಡ್ಡಿಗೆ ಎದುರಾದ ಅಸಲು. ಅಡುಗೆಯ ಲೆಕ್ಕವನ್ನೂ ಹೀಗೆಯೇ ಬಿಡಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ. ಯಾವುದು ಅಸಲು, ಯಾವುದು ಕಾಲಾಂತರದಲ್ಲಿ ಕೂಡಿಕೊಂಡ ಬಡ್ಡಿ?

ಕೆಲವು ವರ್ಷಗಳ ಹಿಂದೆ ಲಂಡನ್ನಿನ ಒಂದು ಮಲೇಷ್ಯನ್ ಹೋಟೆಲಿನಲ್ಲಿ ನಾವು ಊಟ ಮಾಡಿದ್ದೆವು. ಮಾಲೀಕರು ಕೌಲಾಲಂಪುರದವರು. ಗೋಡೆಯ ಮೇಲೆ ಪೆಟ್ರೋನಾಸ್ ಅವಳಿ ಗೋಪುರಗಳ ಚಿತ್ರ, ಬಾಗಿಲಲ್ಲಿ ಹಲಾಲ್ ಫಲಕ. ಬಂದ ರೆಂಡಾಂಗ್ ಮಾತ್ರ ಅರ್ಧ ದಾರಿಯಲ್ಲೇ ಇಳಿಸಿದ ಕೊರ್ಮಾದಂತಿತ್ತು. ತೆಂಗಿನ ಹಾಲು ಬೆಳ್ಳಗೇ ಉಳಿದಿತ್ತು, ಎಣ್ಣೆ ಬಿಟ್ಟಿರಲಿಲ್ಲ. ಮಲಯ ಅಡುಗೆಯಲ್ಲಿ 'ಪೆಚಾ ಮಿಞಾಕ್' ಎನ್ನುತ್ತಾರೆ, ಮಸಾಲೆಯಿಂದ ಎಣ್ಣೆ ಒಡೆದು ಮೇಲೆ ಬರುವುದು. ನಮ್ಮ ಅಮ್ಮಂದಿರು 'ಎಣ್ಣೆ ಬಿಡುವ ತನಕ ಹುರಿ' ಎಂದು ಹೇಳುವುದೂ ಅದನ್ನೇ. ಸಂಬಾಲ್‌ನಲ್ಲಿ ಸಕ್ಕರೆಯೇ ಹೆಚ್ಚಾಗಿತ್ತು. ಸಿಗಡಿಯನ್ನು ಉಪ್ಪಿನಲ್ಲಿ ಹುದುಗಿಸಿ ಮಾಡುವ ಬೆಲಚಾನ್ ಹೆಸರಿಗಷ್ಟೇ ಇತ್ತು. ಅದರ ವಾಸನೆಗೆ ಪಕ್ಕದ ಮೇಜಿನವರು ಮೂಗು ಮುರಿದಾರೆಂಬ ಅಂಜಿಕೆ ಇರಬೇಕು. ಕರಾವಳಿಯ ಒಣಸಿಗಡಿ ಚಟ್ನಿ ತಿಂದವರಿಗೆ ಈ ಅಂಜಿಕೆ ಹೊಸದೇನಲ್ಲ.

ಆದರೆ ಅದೇ ಹೋಟೆಲಿನ ರೋಟಿ ಚನಾಯ್ ಅಪ್ಪಟವಾಗಿತ್ತು. ಎಳೆದು, ಬೀಸಿ, ಕಾಗದದಷ್ಟು ತೆಳ್ಳಗೆ ಮಾಡಿ, ಮಡಚಿ ಬೇಯಿಸಿ, ಕೊನೆಗೆ ಎರಡೂ ಅಂಗೈಗಳಿಂದ ತಟ್ಟಿ ಪದರು ಬಿಡಿಸಿದ್ದ ರೋಟಿ. ಮಾಡಿದವನು ಸಿಲ್ಹೆಟ್‌ನ ತರುಣ. "ಭಾಯ್, ಮಲೇಷ್ಯಾದಲ್ಲಿ ಎಷ್ಟು ವರ್ಷ ಇದ್ದೆ?" ಎಂದು ಹಿಂದೂಸ್ತಾನಿಯಲ್ಲಿ ಕೇಳಿದೆವು. "ನೋಡಿಯೇ ಇಲ್ಲ ಸಾಬ್, ಇಲ್ಲಿಯೇ ಕಲಿತದ್ದು" ಎಂದ. ಹುಟ್ಟಿನ ದಾಖಲೆಯನ್ನೇ ಅಳತೆಗೋಲು ಮಾಡಿಕೊಂಡರೆ ಆ ರೆಂಡಾಂಗ್ ಅಸಲಿ, ಈ ರೋಟಿ ನಕಲಿ. ನಾಲಿಗೆ ಹೇಳಿದ್ದು ಇದಕ್ಕೆ ತದ್ವಿರುದ್ಧ.

ಈ ರೋಟಿಯ ಹಿನ್ನೆಲೆಯನ್ನಾದರೂ ನೋಡಿ. ಮಲೇಷ್ಯಾದಲ್ಲಿ ಇದನ್ನು ಮನೆಮಾತಾಗಿಸಿದವರು ದಕ್ಷಿಣ ಭಾರತದಿಂದ ಹೋದ ತಮಿಳು ಮುಸ್ಲಿಮರು. ಅವರನ್ನು ಅಲ್ಲಿ 'ಮಾಮಾಕ್' ಎನ್ನುತ್ತಾರೆ. ತಮಿಳಿನ 'ಮಾಮಾ', ನಮ್ಮ ಮನೆಗಳ 'ಮಾಮೂ' ಇದಕ್ಕೆ ನೆಂಟರು. ಪೆನಾಂಗ್‌ನ ಹೆಮ್ಮೆಯಾದ ನಾಸಿ ಕಂದಾರ್‌ಗೆ ಆ ಹೆಸರು ಬಂದದ್ದು ಇದೇ ಜನ ಹೆಗಲ ಮೇಲೆ ಕಾವಡಿ ಹೊತ್ತು ಅನ್ನ-ಸಾರು ಮಾರುತ್ತಿದ್ದುದರಿಂದ. ಇನ್ನು ನಾಸಿ ಲೆಮಾಕ್‌ನ ಸಂಬಾಲಿಗೆ ಬೇಕಾದ ಮೆಣಸಿನಕಾಯಿ, ಬದಿಗೆ ಹಾಕುವ ಕಡಲೆಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಮಲಾಕ್ಕಾವನ್ನು ಗೆದ್ದುಕೊಂಡದ್ದೇ 1511ರಲ್ಲಿ. ವಲಸೆ ಬಂದದ್ದನ್ನೆಲ್ಲ ಹೆಕ್ಕಿ ತೆಗೆದರೆ ಬಾಳೆಲೆಯ ಮೇಲೆ ಉಳಿಯುವುದೆಷ್ಟು?

ಹೀಗಿದ್ದರೂ 2014ರಲ್ಲಿ ಪೆನಾಂಗ್ ಸರಕಾರ ಬೀದಿಬದಿಯ ಅಂಗಡಿಗಳಲ್ಲಿ ಸ್ಥಳೀಯ ಖಾದ್ಯಗಳನ್ನು ವಿದೇಶಿ ಅಡುಗೆಯವರು ಮಾಡಕೂಡದೆಂದು ಪ್ರಕಟಿಸಿ, 2016ರಿಂದ ಜಾರಿಗೆ ತಂದಿತು. ಅಸಲಿ ರುಚಿಯನ್ನು ಕಾಪಾಡಬೇಕೆಂಬುದು ಅದು ಕೊಟ್ಟ ಕಾರಣ. 2018ರಲ್ಲಿ ಇಡೀ ದೇಶದ ಹೋಟೆಲುಗಳಿಗೆ ಸ್ಥಳೀಯ ಅಡುಗೆಯವರೇ ಬೇಕೆಂದು ಕೇಂದ್ರ ಸಚಿವರೊಬ್ಬರು ಹೊರಟು, ಟೀಕೆ ಬಂದ ಮೇಲೆ ಹಿಂದೆ ಸರಿದರು. ರುಚಿಯ ಚರ್ಚೆ ಎಲ್ಲಿಗೆ ಹೋಗಿ ಮುಟ್ಟಬಲ್ಲದು ಎಂಬುದಕ್ಕೆ ಇದು ನಿದರ್ಶನ. ಕಾವಡಿ ಹೊತ್ತು ಬಂದ ಬಡವನ ಅನ್ನವೇ ರಾಷ್ಟ್ರೀಯ ಹೆಮ್ಮೆಯಾಗಿ, ಅದೇ ಹೆಮ್ಮೆ ಇಂದಿನ ಬಡ ವಲಸಿಗನ ಅನ್ನಕ್ಕೆ ಅಡ್ಡ ನಿಲ್ಲುತ್ತದೆ.

ಮುಸ್ಲಿಂ ಓದುಗರು ಯೋಚಿಸಬೇಕಾದ ಇನ್ನೊಂದು ಪ್ರಸಂಗವಿದೆ. 2024ರ ಫೆಬ್ರವರಿಯಲ್ಲಿ ಮಲೇಷ್ಯಾ ತನ್ನ ಪಾರಂಪರಿಕ ಆಹಾರಗಳ ಪಟ್ಟಿಗೆ ಬಾಕ್ ಕುಟ್ ತೆಹ್ ಅನ್ನು ಸೇರಿಸಿತು. ಚೀನೀ ಮೂಲದವರು ಹಂದಿಯ ಪಕ್ಕೆಲುಬನ್ನು ಮೂಲಿಕೆಗಳೊಂದಿಗೆ ಬೇಯಿಸಿ ಮಾಡುವ ಸಾರು ಅದು. ಬಹುಸಂಖ್ಯಾತ ಮುಸ್ಲಿಮರು ತಿನ್ನದ ಪದಾರ್ಥ ದೇಶದ ಪರಂಪರೆ ಹೇಗಾದೀತು ಎಂದು ಕೆಲವು ರಾಜಕಾರಣಿಗಳು ಹುಯಿಲೆಬ್ಬಿಸಿದರು. ನಾವು ಅದನ್ನು ತಿನ್ನುವುದಿಲ್ಲ. ಹಲಾಲ್-ಹರಾಮ್ ನಮ್ಮ ತಟ್ಟೆಯ ನಿಯಮ, ಅದರಲ್ಲಿ ರಾಜಿಯಿಲ್ಲ. ಆದರೆ ಅದು ನೆರೆಯವನ ಪೌರತ್ವದ ನಿಯಮವಲ್ಲ. ಬಹುಸಂಖ್ಯಾತರು ಉಣ್ಣದ ಅಡುಗೆ ದೇಶದ್ದಲ್ಲ ಎಂಬ ವಾದವನ್ನು ಅಲ್ಲಿ ಒಪ್ಪಿಕೊಂಡರೆ, ನಮ್ಮ ನಾಡಿನಲ್ಲಿ ಬಿರಿಯಾನಿಯ ಹಂಡೆಯನ್ನು ಹೊರಗಿನದೆಂದು ಬೆರಳು ತೋರಿಸುವವರಿಗೆ ನಾವು ಯಾವ ಬಾಯಲ್ಲಿ ಉತ್ತರ ಕೊಡುವುದು? ನ್ಯಾಯದ ತಕ್ಕಡಿ ಊರಿಗೊಂದು ಇರಲಾರದು.

ಅದೇ ವರ್ಷ ಡಿಸೆಂಬರಿನಲ್ಲಿ ಯುನೆಸ್ಕೋ ಮಲೇಷ್ಯಾದ ಉಪಾಹಾರ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ನಾಸಿ ಲೆಮಾಕ್, ರೋಟಿ ಚನಾಯ್, ಎತ್ತಿ ಸುರಿಯುವ ತೆಹ್ ತಾರಿಕ್ ಚಹಾ ಅದರಲ್ಲಿವೆ. ಗೌರವ ಸಂದದ್ದು ಒಂದೊಂದು ತಿಂಡಿಯ ಶುದ್ಧ ವಂಶಾವಳಿಗಲ್ಲ. ಹಲವು ಜನಾಂಗಗಳು ಒಂದೇ ಅಂಗಡಿಯ ಮೇಜಿಗೆ ಕೂತು ಬೆಳಗಿನ ತಿಂಡಿ ತಿನ್ನುವ ರೂಢಿಗೆ. ಅಸಲು ಇದ್ದರೆ ಅದು ಇಲ್ಲಿದೆ.

ಆದುದರಿಂದ ಪರದೇಶದ ಮಲೇಷ್ಯನ್ ಹೋಟೆಲಿನಲ್ಲಿ ಕುಳಿತವರು ಅಡುಗೆಯವನ ಊರು ಕೇಳಬೇಕಾಗಿಲ್ಲ. ತೆಂಗಿನ ಹಾಲಿಗೆ ಅದರ ಸಮಯ ಕೊಟ್ಟಿದ್ದಾನೆಯೆ, ಅಂಜದೆ ಬೆಲಚಾನ್ ಹಾಕಿದ್ದಾನೆಯೆ, ಹಿಟ್ಟಿಗೆ ಕೈಯ ಶ್ರಮ ಕೊಟ್ಟಿದ್ದಾನೆಯೆ ಎಂದು ನೋಡಿದರೆ ಸಾಕು. ಕೊಟ್ಟಿರದಿದ್ದರೆ ನಿಷ್ಠುರವಾಗಿ ಹೇಳೋಣ. ಕೊಟ್ಟಿದ್ದರೆ, ಅವನು ಸಿಲ್ಹೆಟ್‌ನವನಾಗಲಿ ಸುಮಾತ್ರದವನಾಗಲಿ, ಅವನ ರೋಟಿಯನ್ನು ಮಲೇಷ್ಯಾದ ಹೆಸರಿನಲ್ಲೇ ತಿಂದು ಏಳೋಣ.