ಮಳೆಯ ನೀರು, ಕಾಲುವೆಯ ನೀರು

ನೀತಿ ಆಯೋಗದ ಎಥನಾಲ್ ಮಾರ್ಗಸೂಚಿಗೆ ಈಗ ಗೆದ್ದ ವರದಿ ಎಂಬ ಹೆಸರು ಬಂದುಬಿಟ್ಟಿದೆ. ರಾಕೇಶ್ ಸರ್ವಾಲ್ ನೇತೃತ್ವದ ತಜ್ಞರ ಸಮಿತಿ ಬರೆದ ಈ ವರದಿಯನ್ನು ಪ್ರಧಾನಿ 2021ರ ಜೂನ್ 5ರ ಪರಿಸರ ದಿನದಂದು ಬಿಡುಗಡೆ ಮಾಡಿದರು. ಪುಣೆಯ ಮೂರು ಕಡೆ ಇ100, ಅಂದರೆ ಪೂರ್ತಿ ಎಥನಾಲಿನ ಇಂಧನದ ಪ್ರಯೋಗಕ್ಕೂ ಅಂದೇ ಚಾಲನೆ ಸಿಕ್ಕಿತು. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿ ಮೊದಲು 2030ಕ್ಕೆಂದಿತ್ತು. ಅದನ್ನು 2025ಕ್ಕೇ ಮುಟ್ಟುವ ದಾರಿಯನ್ನು ವರದಿ ಹಾಕಿಕೊಟ್ಟಿತು, 2025ರಲ್ಲಿ ಗುರಿ ಮುಟ್ಟಿಯೂ ಆಯಿತು. ಹೇಳಿದ ವರ್ಷಕ್ಕೆ ಹೇಳಿದ ಕೆಲಸ ಮುಗಿಯುವುದು ಸರ್ಕಾರಿ ಕಾಗದಗಳ ಲೋಕದಲ್ಲಿ ಅಪರೂಪ. ಅದರಿಂದಾಗಿ ಪರವಾಗಿರುವವರು ವರದಿಯನ್ನು ಮತ್ತೆ ತೆರೆದು ನೋಡುವುದಿಲ್ಲ. ವಿರೋಧಿಸುವವರು ಮೈಲೇಜಿನ ಪುಟವೊಂದನ್ನು ಬಿಟ್ಟು ಬೇರೇನನ್ನೂ ಓದಿದಂತೆ ಕಾಣುವುದಿಲ್ಲ. ಗುರಿ ಗೆದ್ದಿದೆ, ವರದಿಯ ಯೋಚನೆ ಸೋತಿದೆ ಎಂಬುದು ನನ್ನ ತೀರ್ಮಾನ. ಅದು ಸೋತದ್ದು ನೀರಿನ ಲೆಕ್ಕದಲ್ಲಿ.

ಕಾಕಂಬಿ, ಕಬ್ಬಿನ ಹಾಲು, ಧಾನ್ಯ ಎಂಬ ಮೂರು ದಾರಿಗಳನ್ನಾಗಲಿ 2018ರ ಜೈವಿಕ ಇಂಧನ ನೀತಿಯನ್ನಾಗಲಿ ಓದುಗರಿಗೆ ಹೊಸದಾಗಿ ವಿವರಿಸಬೇಕಿಲ್ಲ. ನೇರ ನೀರಿನ ಲೆಕ್ಕಕ್ಕೇ ಬರುತ್ತೇನೆ.

ಒಂದು ಟನ್ ಕಬ್ಬಿನಿಂದ 100 ಕಿಲೊ ಸಕ್ಕರೆ ಮತ್ತು 70 ಲೀಟರ್ ಎಥನಾಲ್ ಬರುತ್ತದೆ ಎನ್ನುತ್ತದೆ ವರದಿ. ಒಂದು ಕಿಲೊ ಸಕ್ಕರೆಗೆ 1600ರಿಂದ 2000 ಲೀಟರ್ ನೀರು ಬೇಕು, ಹಾಗಾಗಿ ಒಂದು ಲೀಟರ್ ಎಥನಾಲ್‌ಗೆ ಸುಮಾರು 2860 ಲೀಟರ್ ನೀರು ಬೇಕು ಎಂಬುದು ಅದರ ಮುಂದಿನ ಮಾತು. ಆಮೇಲೆ ಬಂದ ಎಲ್ಲ ಚರ್ಚೆಗಳಲ್ಲೂ ಈ 2860 ಎಂಬ ಸಂಖ್ಯೆ ತಿರುಗಾಡಿದೆ. ಅದು ಹುಟ್ಟಿದ ಬಗೆಯನ್ನು ಕಾಗದದ ಮೇಲೆ ಹಾಕಿ ನೋಡಬಹುದು. 2000ವನ್ನು 100ರಿಂದ ಗುಣಿಸಿದರೆ ಟನ್ ಕಬ್ಬಿಗೆ ಎರಡು ಲಕ್ಷ ಲೀಟರ್. ಅದನ್ನು 70ರಿಂದ ಭಾಗಿಸಿದರೆ 2857. 1600 ಎಂದು ಹಿಡಿದಿದ್ದರೆ 2286 ಬರುತ್ತಿತ್ತು. ಸಕ್ಕರೆಗೆ ಇದ್ದ ಹೆಚ್ಚು ಕಡಿಮೆಯ ಅಂತರ ಎಥನಾಲ್‌ಗೆ ಬರುವಷ್ಟರಲ್ಲಿ ಕಾಣೆಯಾಗಿದೆ.

ಇದು ಸಣ್ಣ ದೋಷ. 100 ಕಿಲೊ ಸಕ್ಕರೆಯೂ 70 ಲೀಟರ್ ಎಥನಾಲೂ ಒಂದೇ ಟನ್ ಕಬ್ಬಿನಿಂದ ಬರುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡದು. ಕಬ್ಬಿನ ಹಾಲನ್ನೆಲ್ಲ ನೇರ ಡಿಸ್ಟಿಲರಿಗೆ ಹರಿಸಿದರೆ 70 ಲೀಟರ್ ಸಿಗುತ್ತದೆ, ಆಗ ಸಕ್ಕರೆಯಿಲ್ಲ. ಸಕ್ಕರೆ ತೆಗೆದು ಕೊನೆಗೆ ಉಳಿದ ಕಾಕಂಬಿಯನ್ನು ಭಟ್ಟಿಗೆ ಹಾಕಿದರೆ ಸಿಗುವುದು ಹತ್ತು ಹನ್ನೊಂದು ಲೀಟರ್. ಆ ನೀರಿನ ಬಹುಪಾಲನ್ನು ಅಷ್ಟರಲ್ಲಿ ಸಕ್ಕರೆಯೇ ಕುಡಿದಾಗಿರುತ್ತದೆ. ಅಂದರೆ 2860 ಎಂಬುದು ಹಾಲಿನ ದಾರಿಗೆ ಮಾತ್ರ ಸಲ್ಲುವ ಸಂಖ್ಯೆ. ಅದು ಇಡೀ ಕಬ್ಬಿನ ಎಥನಾಲಿನ ಹಣೆಪಟ್ಟಿಯಾಗಿ ಓಡಾಡುತ್ತಿದೆ.

ಇವೆರಡನ್ನೂ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿದೆ. ನೀರು ಉಳಿಸಲು ಕಬ್ಬಿನ ನೆಲದ ಒಂದು ಭಾಗವನ್ನು ಕಡಿಮೆ ನೀರಿನ ಬೆಳೆಗೆ ತಿರುಗಿಸಬೇಕು, ಮೆಕ್ಕೆಜೋಳದಂಥ ಧಾನ್ಯಕ್ಕೆ ಉತ್ತೇಜನ ಕೊಡಬೇಕು ಎಂದು ಇದೇ ವರದಿ ಹೇಳುತ್ತದೆ. ಆದರೆ ಕಬ್ಬಿಗೆ ಹಿಡಿದ ಅಳತೆಗೋಲನ್ನು ಅದು ಮೆಕ್ಕೆಜೋಳಕ್ಕೆ ಹಿಡಿಯುವುದಿಲ್ಲ. ನಾವೇ ಹಿಡಿದು ನೋಡೋಣ. ಮುಂಗಾರಿನ ಮೆಕ್ಕೆಜೋಳಕ್ಕೆ 600 ಮಿ.ಮೀ. ನೀರು ಬೇಕು ಎಂದುಕೊಳ್ಳಿ. ಹೆಕ್ಟೇರಿಗೆ 60 ಲಕ್ಷ ಲೀಟರ್ ಆಯಿತು. ಇಳುವರಿ ಮೂರು ಟನ್. ಒಂದು ಟನ್ನಿಗೆ ಸುಮಾರು 380 ಲೀಟರ್ ಎಥನಾಲ್, ಒಟ್ಟು 1140 ಲೀಟರ್. ಭಾಗಿಸಿದರೆ ಒಂದು ಲೀಟರ್ ಎಥನಾಲ್‌ಗೆ 5260 ಲೀಟರ್ ನೀರು! ವರದಿಯ ವಿಧಾನವನ್ನೇ ಒಪ್ಪಿದರೆ ಅದು ಬೈದ ಕಬ್ಬು ಮೆಕ್ಕೆಜೋಳದ ಅರ್ಧದಷ್ಟು ನೀರಿನಲ್ಲಿ ಮುಗಿಯುತ್ತದೆ, ಅದು ಶಿಫಾರಸು ಮಾಡಿದ ಬೆಳೆ ಸೋಲುತ್ತದೆ. ಶಿಫಾರಸನ್ನು ಒಪ್ಪಿದರೆ ವಿಧಾನವನ್ನು ಬಿಡಬೇಕು. ಎರಡೂ ಒಂದೇ ಹೊದಿಕೆಯೊಳಗೆ ಐದು ವರ್ಷಗಳಿಂದ ಕೂತಿವೆ.

ಪುಣೆ ಜಿಲ್ಲೆಯ ಭೋರ್‌ನಲ್ಲಿ ಇದ್ದು ಇದನ್ನು ಓದುವವರಿಗೆ ತೊಡಕು ಎಲ್ಲಿದೆಯೆಂದು ತಿಳಿಯುವುದು ಕಷ್ಟವಲ್ಲ. ಸಹ್ಯಾದ್ರಿಯ ಮಗ್ಗುಲಿನ ಈ ತಾಲೂಕಿನ ಪಶ್ಚಿಮ ಭಾಗ ಧಾರಾಕಾರ ಮಳೆಯ ನಾಡು, ಭತ್ತದ ನಾಡು. ವೇಳವಂಡಿ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಭಾಟಘರ್ ಅಣೆಕಟ್ಟು ಇಲ್ಲಿದೆ, ನೀರಾ ದೇವಘರ್ ಕೂಡ ಇಲ್ಲಿಯದೇ. ಇಲ್ಲಿ ನಿಂತ ನೀರು ನೀರಾ ಎಡದಂಡೆ ಕಾಲುವೆಯಲ್ಲಿ ಬಾರಾಮತಿ, ಇಂದಾಪುರಕ್ಕೂ, ಬಲದಂಡೆಯಲ್ಲಿ ಫಲಟಣ, ಮಾಳಶಿರಸಕ್ಕೂ ಹರಿದು ಕಬ್ಬಾಗುತ್ತದೆ. ಭೋರ್ ತಾಲೂಕಿಗೂ ನಿಗಡೆಯ ಅನಂತನಗರದಲ್ಲಿ ರಾಜಗಡ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ ನಿಜ, ಆದರೆ ಕಬ್ಬಿನ ಸಾಮ್ರಾಜ್ಯವಿರುವುದು ಕೆಳಗೆ. ಮಳೆಗಾಲದಲ್ಲಿ ಮುಳುಗುವಷ್ಟು ನೀರು ಕಂಡ ಇದೇ ತಾಲೂಕಿನ ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ.

ಬಾರಾಮತಿಯಲ್ಲಿ ವರ್ಷದ ಮಳೆ 500 ಮಿ.ಮೀ. ಆಸುಪಾಸು. ವರದಿಯ ಎರಡು ಲಕ್ಷ ಲೀಟರನ್ನೇ ಹಿಡಿದು, ಹೆಕ್ಟೇರಿಗೆ 80 ಟನ್ ಕಬ್ಬು ಎಂದುಕೊಂಡರೆ 1600 ಮಿ.ಮೀ. ನೀರು ಬೇಕು. ಬಿದ್ದ ಮಳೆಯೆಲ್ಲ ಬೆಳೆಗೇ ದಕ್ಕಿತೆಂದು ಧಾರಾಳವಾಗಿ ಒಪ್ಪಿದರೂ ಉಳಿದ 1100 ಮಿ.ಮೀ. ಕಾಲುವೆಯಿಂದಲೋ ಬಾವಿಯಿಂದಲೋ ಬರಬೇಕು. 2860ರಲ್ಲಿ ಸುಮಾರು 1970 ಲೀಟರ್ ಹೀಗೆ ಬೇರೆ ಕಡೆಯಿಂದ ತಂದ ನೀರು; ಬೇರೊಬ್ಬರ ಗದ್ದೆಗೆ, ಬೇರೊಂದು ಊರಿನ ನಲ್ಲಿಗೆ ಹೋಗಬಹುದಾಗಿದ್ದ ನೀರು. ಆದರೆ ಹಾವೇರಿಯ ಮುಂಗಾರು ಮೆಕ್ಕೆಜೋಳದ 5260 ಲೀಟರ್ ಹೆಚ್ಚುಕಡಿಮೆ ಪೂರ್ತಿ ಹೊಲದ ಮೇಲೆಯೇ ಬಿದ್ದ ಮಳೆ. ಆ ಹೊಲದಲ್ಲಿ ಜೋಳ ಬಿತ್ತಿದರೂ ಹತ್ತಿ ಬಿತ್ತಿದರೂ ಆ ಮಳೆ ಅಲ್ಲೇ ಖರ್ಚಾಗುತ್ತಿತ್ತು. ರಾಣೆಬೆನ್ನೂರಿನ ಹೊಲಕ್ಕೆ ಬಿದ್ದ ಹದ ಮಳೆಯನ್ನು ಉಳಿಸಿ ಯಾರಿಗೂ ಕೊಡಲಾಗದು. ಮಳೆಯನ್ನೂ ಕಾಲುವೆಯನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿದಾಗ ಆ ಸಂಖ್ಯೆ ಯಾವ ಊರಿನ ಬಗ್ಗೆಯೂ ಏನೂ ಹೇಳದು.

ಹಾಗಾದರೆ ಮೆಕ್ಕೆಜೋಳ ಗೆದ್ದಿತೇ? ಮುಂಗಾರಿನಲ್ಲಿ, ಖುಷ್ಕಿ ಹೊಲದಲ್ಲಿ ಗೆದ್ದಿತು. ಅದೇ ಬೆಳೆಯನ್ನು ಬೇಸಿಗೆಯಲ್ಲಿ ಕಾಲುವೆ ನೀರಿಗೆ ಅಥವಾ ಬೋರ್‌ವೆಲ್ಲಿಗೆ ಹಾಕಿ. ಒಳ್ಳೆಯ ಹೈಬ್ರಿಡ್ ತಳಿ, ಹೆಕ್ಟೇರಿಗೆ ಆರು ಟನ್ ಇಳುವರಿ, ನೀರು ಅದೇ 600 ಮಿ.ಮೀ. ಲೀಟರ್ ಎಥನಾಲ್‌ಗೆ 2630 ಲೀಟರ್, ಪೂರ್ತಿ ಕಾಲುವೆಯದು. ಬಾರಾಮತಿಯ ಕಬ್ಬು ತರಿಸಿಕೊಂಡ 1970ಕ್ಕಿಂತ ಇದು ಹೆಚ್ಚು. ಘಟಪ್ರಭಾ, ಮಲಪ್ರಭಾ, ಭದ್ರಾ ಅಚ್ಚುಕಟ್ಟಿನಲ್ಲಿ ನೀರಾವರಿ ಮೆಕ್ಕೆಜೋಳ ಹೊಸತೇನಲ್ಲ. ಎಥನಾಲಿನ ದರ ಯಾವ ಕಾಲದ, ಯಾವ ನೀರಿನ ಕಾಳೆಂದು ಕೇಳುವುದಿಲ್ಲ. ವರದಿಯೂ ಕೇಳಲಿಲ್ಲ.

ವರದಿಯನ್ನು ವಿಮರ್ಶಿಸಿದವರ ಬಗ್ಗೆಯೂ ಹೇಳಬೇಕು, ಏಕೆಂದರೆ ವರದಿ ಇಷ್ಟು ಸುಲಭವಾಗಿ ಪಾರಾದದ್ದು ಅವರಿಂದ. ಮೊದಲನೆಯವರು ವಾಹನದ ಕಡೆಯವರು. ಶೇ 20ರ ಮಿಶ್ರಣದ ವಿರುದ್ಧ 2025ರ ಆಗಸ್ಟ್‌ನಲ್ಲಿ ಎದ್ದ ಗಲಾಟೆಯೆಲ್ಲ ಮೈಲೇಜು, ರಬ್ಬರ್ ಪೈಪು, ವಿಮೆಯ ಸುತ್ತ ಸುತ್ತಿತು. ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಆ ಮಿಶ್ರಣವನ್ನು ಪ್ರಶ್ನಿಸಿದ ಅರ್ಜಿಯನ್ನು ವಜಾ ಮಾಡಿದ ಮೇಲೆ ಅವರ ದನಿ ಇಳಿಯಿತು. ಶೇ 20ರ ಮಿಶ್ರಣ ಬಳಸಿದರೆ, ಎಥನಾಲಿಲ್ಲದ ಪೆಟ್ರೋಲಿಗೆಂದು (ಇ0) ರೂಪಿಸಿ ಶೇ 10ರ ಮಿಶ್ರಣಕ್ಕೆ (ಇ10) ಹೊಂದಿಸಿದ ಕಾರುಗಳಲ್ಲಿ ಶೇ 6–7, ಅಂಥ ದ್ವಿಚಕ್ರ ವಾಹನಗಳಲ್ಲಿ ಶೇ 3–4 ಮೈಲೇಜು ಇಳಿಯುತ್ತದೆ ಎಂದು ವರದಿ ಬಚ್ಚಿಡದೆ ಬರೆದಿತ್ತು. ಎಥನಾಲಿನ ಶಾಖ ಪೆಟ್ರೋಲಿನ ಮೂರನೇ ಎರಡು ಭಾಗ. ಐದರಲ್ಲೊಂದು ಪಾಲು ಅದನ್ನು ಸೇರಿಸಿದರೆ ಶೇ 6ರಿಂದ 7 ಇಳಿಯುವುದು ಶಾಲೆಯ ಗಣಿತ. ಬರೆದಿದ್ದನ್ನೇ ಕಂಡುಹಿಡಿದಂತೆ ಕೂಗಿದ ಈ ಗುಂಪು, ಕಾರಿನ ಹೊರಗೆ ಒಂದು ಹೊಲವಿದೆ ಎಂಬುದನ್ನು ನೋಡಲಿಲ್ಲ.

ಎರಡನೆಯವರ ಮೇಲೆ ನನಗೆ ಹೆಚ್ಚು ತಕರಾರು, ಏಕೆಂದರೆ ಅವರು ಗಂಭೀರ ಓದುಗರು. ಅನ್ನವೋ ಇಂಧನವೋ ಎಂದು ಕೇಳುವ ಇವರು ತಮ್ಮ ವಾದವನ್ನು ಇಡಿಯಾಗಿ ಅಮೆರಿಕದಿಂದ ತರುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟೆಲ್ ಒಂದು ಲೀಟರ್ ಎಥನಾಲಿನಲ್ಲಿರುವುದಕ್ಕಿಂತ ಹೆಚ್ಚು ಶಕ್ತಿ ಅದನ್ನು ಮಾಡಲು ಖರ್ಚಾಗುತ್ತದೆ ಎಂದರು. ಅಮೆರಿಕದ ಕೃಷಿ ಇಲಾಖೆಯವರು ಇಲ್ಲ, ಲಾಭವೇ ಇದೆ ಎಂದರು. 2022ರಲ್ಲಿ ಸಂಶೋಧಕ ಟೈಲರ್ ಲಾರ್ಕ್ ಮತ್ತು ಸಂಗಡಿಗರು, ಹೊಸದಾಗಿ ಉತ್ತ ನೆಲವನ್ನೂ ಲೆಕ್ಕಕ್ಕೆ ತಂದರೆ ಅಲ್ಲಿಯ ಎಥನಾಲ್ ಪೆಟ್ರೋಲಿಗಿಂತ ಹೆಚ್ಚು ಇಂಗಾಲ ಉಗುಳುತ್ತದೆ ಎಂದು ತೋರಿಸಿದರು. ಅವೆಲ್ಲ ಬೆಲೆಯುಳ್ಳ ಕೆಲಸಗಳು. ಆದರೆ ಅವು ಹುಲ್ಲುಗಾವಲನ್ನು ಉತ್ತು, ಸಾರಜನಕ ಗೊಬ್ಬರ ಸುರಿದು, ತಮ್ಮ ಮೆಕ್ಕೆಜೋಳದ ಮೂರರಲ್ಲೊಂದು ಪಾಲಿಗೂ ಹೆಚ್ಚನ್ನು ಡಿಸ್ಟಿಲರಿಗೆ ಕಳಿಸುವ ದೇಶದ ಪ್ರಶ್ನೆಗಳು. ಹಾವೇರಿಯಲ್ಲಿ ಮೆಕ್ಕೆಜೋಳ ಜೋಳವನ್ನೂ ಹತ್ತಿಯನ್ನೂ ಸಾವೆಯನ್ನೂ ಸರಿಸಿದ್ದು ಎಥನಾಲಿಗಿಂತ ಬಹಳ ಮೊದಲು, ಕೋಳಿ ಆಹಾರಕ್ಕಾಗಿ. ಒಂದೇ ಬೆಳೆಯನ್ನು ನೆಚ್ಚುವುದರ ಬೆಲೆ ಏನೆಂಬುದು 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಾಣಿಸಿಕೊಂಡಾಗ ರೈತರಿಗೆ ತಿಳಿಯಿತು. ನಮ್ಮ ಸ್ಪರ್ಧೆ ತಟ್ಟೆಗೂ ಟ್ಯಾಂಕಿಗೂ ನೇರ ನಡೆಯುವುದಲ್ಲ. ತಮಿಳುನಾಡಿನ ನಾಮಕ್ಕಲ್‌ನ ಕೋಳಿಗೂ ಡಿಸ್ಟಿಲರಿಗೂ ನಡೆಯುವುದು; ಮೆಕ್ಕೆಜೋಳದ ಕಾಳಿಗೂ ಗೋದಾಮಿನ ಅಕ್ಕಿಗೂ ನಡೆಯುವುದು. ಅಮೆರಿಕದ ಅಯೋವಾದ ಲೆಕ್ಕದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಮೂರನೆಯವರು ನಮ್ಮವರೇ, ರೈತನಿಗೆ ಎಥನಾಲ್ ಬೆಲೆ ತಂದಿತು ಎಂದು ಕೃಷಿ ಅಂಕಣಗಳಲ್ಲಿ ಬರೆದವರು. 2023ರ ಡಿಸೆಂಬರ್ 7ರಂದು, ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದಾಗ, ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದನ್ನು ಕೇಂದ್ರ ತಡೆಯಿತು. ಮರುತಿಂಗಳು ತೈಲ ಕಂಪನಿಗಳು ಮೆಕ್ಕೆಜೋಳದ ಎಥನಾಲಿಗೆ ಲೀಟರಿಗೆ 5.79 ರೂಪಾಯಿ ಹೆಚ್ಚಿಗೆ ಕೊಟ್ಟು 71.86ಕ್ಕೆ ಏರಿಸಿದವು. ಮೆಕ್ಕೆಜೋಳ ಮುಂದೆ ಬಂದದ್ದು ಹೀಗೆ, ವರದಿ ಹೇಳಿದ ನೀರಿನ ವಿವೇಕದಿಂದಲ್ಲ, ಸಕ್ಕರೆಯ ಭಯದಿಂದ. ಆ ವರ್ಷ ಕಾಳಿನ ಬೆಲೆ ಏರಿತು, ದೇಶ ಮ್ಯಾನ್ಮಾರ್ ಮತ್ತು ಉಕ್ರೇನಿನಿಂದ ಮೆಕ್ಕೆಜೋಳ ತರಿಸಿಕೊಂಡಿತು, ರೈತರು ನಂಬಿ ಹೆಚ್ಚು ಬಿತ್ತಿದರು. 2025ರ ನವೆಂಬರ್ ಬಂದಾಗ ಬೆಂಬಲ ಬೆಲೆ ಕ್ವಿಂಟಲಿಗೆ 2400, ಕರ್ನಾಟಕದ ಎಪಿಎಂಸಿಗಳಲ್ಲಿ ಸಿಕ್ಕಿದ್ದು 1600ರಿಂದ 1800. ರೈತರು ರಸ್ತೆಗಿಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಒಂದು ಕ್ವಿಂಟಲಿನಿಂದ 38 ಲೀಟರ್ ತೆಗೆದು 71.86ಕ್ಕೆ ಮಾರಿದರೆ ಎಥನಾಲಿನಿಂದಲೇ 2730 ರೂಪಾಯಿ. ಉಳಿದ ಚರಟ ಬೇರೆ. ಡಿಸ್ಟಿಲರಿಗೆ ಖಾತರಿ ದರ ಇತ್ತು, ಬೆಳೆದವನಿಗೆ ಇರಲಿಲ್ಲ.

ಇದೇ ಅವಧಿಯಲ್ಲಿ ಭಾರತೀಯ ಆಹಾರ ನಿಗಮದ ಅಕ್ಕಿ ಡಿಸ್ಟಿಲರಿಗಳಿಗೆ ಕ್ವಿಂಟಲಿಗೆ 2800ರ ಬದಲು 2250ಕ್ಕೆ ಸಿಗತೊಡಗಿತು. ಹಂಚಿಕೆ 52 ಲಕ್ಷ ಟನ್ನಿಗೆ ಏರಿತು. 2023ರ ಜೂನ್‌ನಲ್ಲಿ ಉಚಿತ ಅಕ್ಕಿಯ ಅನ್ನಭಾಗ್ಯ ಯೋಜನೆಗೆಂದು ಕರ್ನಾಟಕ ಕ್ವಿಂಟಲಿಗೆ 3400 ಕೊಡುತ್ತೇನೆ ಎಂದಾಗ ಇದೇ ನಿಗಮದಿಂದ ಅಕ್ಕಿ ಸಿಗಲಿಲ್ಲ ಎಂಬುದನ್ನು ನಾನು ಮರೆಯಲಾರೆ. ಅಗ್ಗದ ಅಕ್ಕಿ ಮೆಕ್ಕೆಜೋಳದ ಜಾಗಕ್ಕೆ ಬಂತು. ಧಾನ್ಯದ ಭಟ್ಟಿಯಿಂದ ಹೊರಬೀಳುವ ಚರಟ, ಅಂದರೆ ಡಿಡಿಜಿಎಸ್, ಕಾಳಿನ ತೂಕದ ಸುಮಾರು ಮೂರರಲ್ಲೊಂದು ಭಾಗ. ಅದು ಅಗ್ಗದ ಮೇವಾಗಿ ಮಾರುಕಟ್ಟೆಗೆ ಬಂದು ಸೋಯಾ ಹಿಂಡಿಯ ಬೆಲೆ ಇಳಿಸಿತು. ಸೋಯಾ ಬೆಳೆದ ಬೀದರ್, ಲಾತೂರ್, ಬೆಳಗಾವಿಯ ರೈತ ಎಥನಾಲಿನ ಸುದ್ದಿಗೇ ಹೋಗದೆ ಅದರ ಪೆಟ್ಟು ತಿಂದ. ಬೇಕಾಗುವ ಧಾನ್ಯ ವರ್ಷಕ್ಕೆ 165 ಲಕ್ಷ ಟನ್ ಎಂದು ಎಣಿಸಿದ ವರದಿ, ಆ ಧಾನ್ಯ ಯಾರ ಬಾಯಿಂದ, ಯಾರ ಜೇಬಿನಿಂದ ಬರುತ್ತದೆ ಎಂದು ಎಣಿಸಲಿಲ್ಲ.

ವರದಿಯಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಹೆಚ್ಚು ಎಥನಾಲ್ ಇರುವ ಇಂಧನದ ಬೆಲೆ ಮಾಮೂಲಿ ಪೆಟ್ರೋಲಿಗಿಂತ ಕಡಿಮೆ ಇರಬೇಕು, ಕಡಿಮೆಯಾದ ಶಾಖಕ್ಕೆ ಅದು ಪರಿಹಾರ ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಅದರ ಅತ್ಯುತ್ತಮ ವಾಕ್ಯ ಅದೇ, ಜಾರಿಗೆ ಬಾರದೆ ಉಳಿದದ್ದೂ ಅದೇ. 2025ರ ಜುಲೈ ಕೊನೆಗೆ ಎಥನಾಲಿನ ಸರಾಸರಿ ಖರೀದಿ ದರ 71.32 ರೂಪಾಯಿ, ಶುದ್ಧೀಕರಿಸಿದ ಪೆಟ್ರೋಲಿಗಿಂತ ದುಬಾರಿ, ಹಾಗಾಗಿ ಬೆಲೆ ಇಳಿಸಲಾಗದು ಎಂದು ಪೆಟ್ರೋಲಿಯಂ ಸಚಿವಾಲಯ ವಿವರಣೆ ಕೊಟ್ಟಿತು. 2021–22ರಲ್ಲಿ ಮೆಕ್ಕೆಜೋಳದ ಎಥನಾಲಿಗೆ 52.92 ಇತ್ತು. ದರ ಏರಿಸಿದವರೂ ಸರ್ಕಾರವೇ. ಗುರಿಯನ್ನು ಮಾತ್ರ ಎತ್ತಿಕೊಂಡು ಷರತ್ತನ್ನು ಕೈಬಿಟ್ಟ ಮೇಲೂ ವರದಿ ಗೆದ್ದಿತೆನ್ನುವುದನ್ನು ನಾನು ಒಪ್ಪುವುದಿಲ್ಲ.

ಈಗ ಇ27ರ, ಅಂದರೆ ಶೇ 27ರ ಮಿಶ್ರಣದ ಮಾತು ಕೇಳುತ್ತಿದೆ. ಮುಂದಿನ ಮಾರ್ಗಸೂಚಿ ಬರೆಯುವವರು ಲೀಟರಿಗೆ ಇಷ್ಟು ಲೀಟರ್ ನೀರು ಎಂಬ ಸಾಲನ್ನು ಹೊಡೆದುಹಾಕಿ, ಜಿಲ್ಲೆವಾರು ಎರಡು ಅಂಕಣ ಹಾಕಲಿ: ಇಷ್ಟು ಮಳೆಯಿಂದ, ಇಷ್ಟು ಕಾಲುವೆ ಮತ್ತು ಬೋರ್‌ವೆಲ್‌ನಿಂದ. ಬೇಸಿಗೆ ಮೆಕ್ಕೆಜೋಳವನ್ನು ಹೆಚ್ಚುವರಿ ದರದ ಪಟ್ಟಿಯಿಂದ ಹೊರಗಿಡಲಿ. ರೈತನಿಗೆ ಬೆಂಬಲ ಬೆಲೆ ಕೊಟ್ಟ ಎಪಿಎಂಸಿ ರಸೀದಿ ತೋರಿಸಿದ ಡಿಸ್ಟಿಲರಿಗೆ ಮಾತ್ರ ತೈಲ ಕಂಪನಿಗಳು 71.86 ಕೊಡಲಿ.