ಮಾರಾಟಕ್ಕೆ ನಿಂತ ಎಂ.ಜಿ. ಟಿ.ಸಿ.

ಮಹಾಯುದ್ಧದ ಬಳಲಿಕೆ ಇನ್ನೂ ಆರದಿದ್ದ 1945ರಿಂದ 1949ರವರೆಗೆ, ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ ಸುಮಾರು 10,000 ಸಂಖ್ಯೆಯಲ್ಲಿ ನಿರ್ಮಾಣಗೊಂಡ ಎಂ.ಜಿ. ಟಿ.ಸಿ. ಎಂಬ ಎರಡು ಆಸನಗಳ ಕಾರನ್ನು ನೆನೆದಾಗಲೆಲ್ಲ, ಯಂತ್ರಕ್ಕೂ ಲಾವಣ್ಯವುಂಟೆಂಬ ನನ್ನ ನಂಬಿಕೆ ದೃಢವಾಗುತ್ತದೆ. ಕಡ್ಡಿಗಳಿಂದ ಹೆಣೆದ 19 ಅಂಗುಲದ ತೆಳ್ಳನೆಯ ಚಕ್ರಗಳು, ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು, 1250 ಸಿ.ಸಿ.ಯ ಎಂಜಿನ್ನು, ಅದಕ್ಕೆ ಉಸಿರೂಡುವ ಜೋಡಿ ಕಾರ್ಬುರೇಟರುಗಳು! ಚಾಲಕನ ಕಣ್ಣೆದುರಿಗಿರುವುದು ಎಂಜಿನ್ನಿನ ಸುತ್ತುಗಳನ್ನೆಣಿಸುವ ಮಾಪಕ. ವೇಗಮಾಪಕವಿರುವುದು ಪಕ್ಕದಲ್ಲಿ ಕುಳಿತವರ ಮುಂದೆ. ಓಡಿಸುವವನು ಮೊದಲು ಯಂತ್ರದ ನಾಡಿಯನ್ನರಿಯಲೆಂಬಂತಿರುವ ಈ ಏರ್ಪಾಡು ನನಗೆ ಬಹು ಪ್ರಿಯವಾದುದು.

ಇಂತಹುದೊಂದನ್ನು ದಶಕಗಳ ಕಾಲ ಜತನದಿಂದ ಕಾಪಾಡಿ ಈಗ ಮಾರಹೊರಟವನು, ಬಟ್ಟೆಯ ಛಾವಣಿಯ ಹೊಲಿಗೆ ಬಿಟ್ಟುದನ್ನೂ, ಕ್ರೋಮಿಯಂ ಲೇಪ ಮಂಕಾದುದನ್ನೂ, ಬಾಗಿಲು ತುಸು ಜೋತುದನ್ನೂ ಮುಚ್ಚಿಡದೆ ತಿಳಿಸುವುದೇ ಲೇಸು. ಉಕ್ಕಿನ ತಗಡಿನೊಳಗೆ ಆಶ್ ಮರದ ಚೌಕಟ್ಟು ಅಡಗಿರುವ ಈ ಶರೀರದಲ್ಲಿ ಬಾಗಿಲು ಜೋಲುವುದು ಮರದ ಸಂದು ಸಡಿಲಿದುದರ ಕುರುಹಾಗಿರಬಹುದಾದ್ದರಿಂದ, ಅದಕ್ಕೆ ನುರಿತ ಬಡಗಿಯ ಕೈಯೇ ಬೇಕು. ಹಳೆಯ ಬಣ್ಣವನ್ನು ಮಾತ್ರ, ಕೊಳ್ಳುವವನ ಕಣ್ಣಿಗೆ ಹೊಳೆಯಲೆಂದು, ಅವಸರದಿಂದ ಹೊಸ ಬಣ್ಣದಡಿ ಹೂಳದಿರಲಿ. ಅದರ ಒಂದೊಂದು ಗೀರೂ ಒಡೆಯನು ಸವೆಸಿದ ಹಾದಿಯ ಗುರುತು.